ಕೈಗೆ ಸಿಗುವ ನಾಮಪದ

ನ್ಯಾಮತಿ ಬಸ್ ನಿಲ್ದಾಣದಲ್ಲಿ ಹೊನ್ನಾಳಿ ಬಸ್ಸಿಗೆ ಕಾಯುತ್ತಿದ್ದ ಕಸ್ತೂರಮ್ಮನ ಬೆನ್ನ ಹಿಂದೆಯೇ ತಾಯಿ, ಮಗಳು ಕೂತಿದ್ದರು. ಮಗಳ ತೊಡೆಯ ಮೇಲೆ ಇಂಗ್ಲಿಷ್ ವ್ಯಾಕರಣದ ಪುಸ್ತಕವಿತ್ತು.

“ಜೋರಾಗಿ ಓದೇ ರತ್ನಿ. ಸುಮ್ಕೆ ಕೂತ್ರೆ ಎದೆ ಹೊಡ್ಕಂತೈತೆ.”

“ಕಾಂಕ್ರೀಟ್ ನಾಮಪದ ಅಂದ್ರೆ ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು.”

“ಕಾಂಕ್ರೀಟಾ? ನಿಮ್ಮಪ್ಪ ಸೇತುವೆ ಮೇಲೆ ಕಲಸ್ತಿದ್ರಲ್ಲ, ಅದೇನೆ?”

“ಅದಲ್ಲ ಕಣವ್ವಾ. ವಾಟರ್ ಅಂದ್ರೆ ನೀರು, ಶರ್ಟ್ ಅಂದ್ರೆ ಅಂಗಿ, ಇಂಥವು. ಮುಟ್ಟಾಕೆ ಬರದಿದ್ರೆ ಅಬ್‌ಸ್ಟ್ರಾಕ್ಟ್. ಫಿಯರ್, ಭಯ. ಡೆತ್, ಸಾವು.”

“ಸಾವು ಮುಟ್ಟಾಕೆ ಬರಲ್ವಾ?”

“ಮೇಷ್ಟ್ರು ಹಂಗೇ ಬರೆಸ್ಯಾರೆ.”

“ಮತ್ತೆ ಪೊಲೀಸಿನೋರು ಹೊಳ್ಯಾಗೆ ಹೆಣ ಸಿಕ್ಕೈತೆ, ಬಂದು ಗುರುತು ಹಿಡೀರಿ ಅಂದ್ರು?”

“ಹೆಣ ಕಾಂಕ್ರೀಟು.”

ಕಸ್ತೂರಮ್ಮ ತಿರುಗಿ ನೋಡಲಿಲ್ಲ. ತಾಯಿಯ ಬಳೆಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು.

“ಆರು ದಿನ ನೀರಾಗೆ ಇದ್ದ ಮುಖ ಹೆಂಗೆ ಗೊತ್ತಾಗ್ತೈತೆ?”

“ಅಪ್ಪನ ಅಂಗಿ ಹೌದಾ ನೋಡಾಣ. ಎದೆ ಗುಂಡಿ ನೀನೇ ಕೆಂಪು ದಾರದಾಗೆ ಹೊಲಿದಿದ್ದೆ.”

“ಬಿಳೀ ದಾರ ಮುಗಿದಿತ್ತು. ಹೆಂಗಸರ ಅಂಗಿ ಮಾಡಿದೆಯಲ್ಲೇ ಅಂತ ನಕ್ಕಂಡೇ ಕೆಲಸಕ್ಕೆ ಹೋದ್ರು.”

ಬಸ್ಸು ಬಂತು. ಕಂಡಕ್ಟರ್ “ಹೊನ್ನಾಳಿ, ಹೊನ್ನಾಳಿ” ಎಂದು ಕೂಗಿದ. ತಾಯಿ ಎದ್ದಳು, ಆದರೆ ಹೆಜ್ಜೆ ಕೀಳಲಿಲ್ಲ.

“ರತ್ನೀ, ಕೆಂಪು ದಾರ ಇದ್ರೂ ಇಲ್ಲ ಅಂದುಬಿಡು.”

“ಅಂಗಿ ಕೈಗೇ ಕೊಡ್ತಾರವ್ವಾ.”

ಮಗಳು ಪುಸ್ತಕ ಮುಚ್ಚಿ, ತಾಯಿಯ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು. ಅದೇ ಬಸ್ಸಿಗೆ ಹೋಗಬೇಕಿದ್ದ ಕಸ್ತೂರಮ್ಮ ಕೂತಲ್ಲೇ ಕೂತಿದ್ದಳು.