ಹಳದಿ ಪಾಲಿಯೋ ಸ್ಟಾರ್ಟ್ ಆದ ದಿನ

ಅಲ್ಲ ಜಟ್ಟೆಪ್ಪ, ಆ ಸ್ಟೂಲಿನಲ್ಲಿ ಕೂತ್ಕೊಳ್ಳಲಿಕ್ಕೆ ನಿನಗೆ ಎಂತ ಆಗ್ತದೆ? ಬಂದಾಗಿನಿಂದ ಶಟರಿಗೆ ಒರಗಿ ನಿಂತಿದ್ದಿ. ಹೋಗುವವರು ಬರುವವರು ನೋಡಿದರೆ ಈ ಸರ್ವೋತ್ತಮ ಶೆಟ್ಟಿಯೇ ಪೆಟ್ಟಾದವನನ್ನು ನಿಲ್ಲಿಸಿ ಮಾತಾಡ್ತಿದ್ದಾನೆ ಅಂತ ತಿಳ್ಕೊಳ್ತಾರೆ. ಈ ಸೀವುಡ್ಸಿನ ರೋಹೌಸಿನವರಿಗೆ ಬೇರೆ ಕೆಲಸ ಉಂಟಾ? ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ನೆಪದಲ್ಲಿ ಪಕ್ಕದ ಗ್ಯಾರೇಜಿನೊಳಗೆ ಇಣುಕುವುದೇ ಕೆಲಸ... ಹಾಂ, ಕೂತ್ಕೋ. ಕೈ ಕೆಳಗೆ ಬಿಡಬೇಡ, ತೊಡೆ ಮೇಲೆ ಇಟ್ಕೋ. ಕೆಳಗೆ ಬಿಟ್ಟರೆ ಊದಿಕೊಳ್ತದೆ ಅಂತ ಅಶ್ಮಿತಾ ಹೇಳಿದ್ದಾಳಲ್ಲ? ಹೇಳಿದ್ದು ನಿಮ್ಮವರ ತಲೆಗೆ ಹೋದರೆ ತಾನೆ.

ಚಾ ಕುಡೀತೀಯಾ? ಬೇಡವಾ... ಬೇಡದಿದ್ದರೆ ಬಿಡು.

ನೋಡು, ಅಶ್ಮಿತಾ ಹನ್ನೊಂದು ಗಂಟೆಗೆ ಬರ್ತಾಳೆ. ಡೊಂಬಿವಲಿಯಿಂದ ಇಲ್ಲಿಯವರೆಗೆ ಬಂದು ನಿನ್ನ ಕೈಗೆ ವ್ಯಾಯಾಮ ಮಾಡಿಸ್ತಾಳೆ. ಅವಳ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಜನ ವಾರಗಟ್ಟಲೆ ಕಾಯ್ತಾರೆ, ಗೊತ್ತುಂಟಾ? ನನ್ನ ಮಗಳು ಅಂತ ಹೊಗಳುವುದಲ್ಲ. ನಿನಗೆ ಈ ಉಪಚಾರ ಸಿಗ್ತಿರುವುದು ನೀನು ನನ್ನ ಮನೆಯ ಗ್ಯಾರೇಜಿನಲ್ಲಿ ಪೆಟ್ಟು ಮಾಡಿಕೊಂಡದ್ದಕ್ಕೆ. ನೀನು ಮೊದಲು ಕೆಲಸಕ್ಕಿದ್ದ ಮುಂಬ್ರಾದ ಆ ತಗಡಿನ ಶೆಡ್ಡಿನಲ್ಲಿ ಆಗಿದ್ದರೆ ಬಟ್ಟೆ ಸುತ್ತಿ ರಿಕ್ಷಾ ಹತ್ತಿಸಿ ಕಳಿಸ್ತಿದ್ದರು, ಅಷ್ಟೇ.

ಅವಳು ಇವತ್ತು ನಿನ್ನನ್ನು ಒಂದು ವಿಷಯ ಕೇಳ್ತಾಳೆ. ನಿನ್ನೆ ಫೋನಿನಲ್ಲಿ ನನ್ನನ್ನು ಕೇಳಿದಳು. "ಪಪ್ಪಾ, ಅವರ ಕೈ ಇಂಜಿನ್ ಬೆಲ್ಟಿನ ಹತ್ತಿರ ಇರುವಾಗ ಸೆಲ್ಫ್ ಹೊಡೆದು ಗಾಡಿ ಸ್ಟಾರ್ಟ್ ಮಾಡಿದ್ದು ಯಾಕೆ?" ಅಂತ. ಅವನೇ ಹೊಡೀಲಿಕ್ಕೆ ಹೇಳಿದ ಮಗಾ, ಅಂದೆ. ಅವಳು, "ಹಾಗಾದರೆ ನಾಳೆ ಅವರನ್ನೇ ಕೇಳ್ತೇನೆ" ಅಂದಳು. ಅದಕ್ಕೇ ನಿನ್ನನ್ನು ಒಂದು ಗಂಟೆ ಮೊದಲು ಕರೆಸಿದ್ದು. ಹೆದರಲಿಕ್ಕೆ ಏನೂ ಇಲ್ಲ. ನಿಮ್ಮ ಕಡೆಯವರ ಸ್ವಭಾವ ನನಗೆ ಗೊತ್ತು. ಒಂದು ಕೇಳಿದರೆ ಹತ್ತು ಹೇಳ್ತೀರಿ, ಕೇಳಿದ್ದೊಂದನ್ನು ಬಿಟ್ಟು. ಹಾಗಾಗಿ ಅವಳು ಬರುವ ಮೊದಲು ನಾವಿಬ್ಬರು ಕೂತು ಸರಿ ಮಾಡ್ಕೊಳ್ಳುವ.

ಯಾಕೆ ಹಾಗೆ ನೋಡ್ತೀ? ಸುಳ್ಳು ಹೇಳು ಅಂತ ನಾನು ಹೇಳಿದೆನಾ?

ಗಾಡಿ ನೋಡು, ಬೇಕಾದರೆ. ನನ್ನ ಮುಖ ನೋಡಿ ಎಂತ ಮಾಡ್ತೀ. ಅವತ್ತಿನಿಂದ ಮುಟ್ಟಲಿಲ್ಲ. ಬಾನೆಟ್ಟು ಹಾಗೆಯೇ ತೆರೆದುಂಟು. ಐದು ವಾರದಲ್ಲಿ ಈ ಖಾಡಿಯ ಉಪ್ಪುನೀರಿನ ಗಾಳಿಗೆ ನೀನು ಬೆಸುಗೆ ಹಾಕಿದ ಜಾಗದಲ್ಲೆಲ್ಲ ಮತ್ತೆ ಕೆಂಪು ಬರ್ತಾ ಉಂಟು. ಪ್ರೈಮರ್ ಹೊಡೀಬೇಕಿತ್ತು. ಹೊಡೆಯುವವನು ಯಾರು?

ಇದನ್ನು ತಗೊಂಡದ್ದು ಎರಡು ಸಾವಿರದ ಎರಡರಲ್ಲಿ. ಪಾಲಿಯೋ ಕಾರು, ಹಳದಿ ಬಣ್ಣದ್ದು, ಒನ್ ಪಾಯಿಂಟ್ ಸಿಕ್ಸ್ ಇಂಜಿನ್, ನೂರು ಕುದುರೆ ಶಕ್ತಿ. ಆಗ ನನ್ನ ಹೋಟೆಲು ಮಾಜಿವಾಡಾದಲ್ಲಿ. ಬೆಳಿಗ್ಗೆ ಐದಕ್ಕೆ ಹೈವೇ ಖಾಲಿ ಇರುವಾಗ ಹೊರಟರೆ ದೊಡ್ಡ ದೊಡ್ಡ ಗಾಡಿಯವರು ಪಕ್ಕಕ್ಕೆ ಸರೀತಿದ್ದರು. ಇಷ್ಟು ಚಿಕ್ಕ ಗಾಡಿಯಲ್ಲಿ ಇಷ್ಟು ದಮ್ಮು ಉಂಟಾ ಅಂತ ತಿರುಗಿ ತಿರುಗಿ ನೋಡ್ತಿದ್ದರು. ಮತ್ತೆ ಹೋಟೆಲು ಮಾರಿದೆ, ಬೆನ್ನು ನೋವು ಬಂತು, ಗಾಡಿ ಇಲ್ಲಿ ಹನ್ನೊಂದು ವರ್ಷ ಕೊಳೀತು. ಕಳೆದ ದೀಪಾವಳಿಗೆ ಶಟರ್ ಎತ್ತಿ ನೋಡಿದರೆ ಡ್ರೈವರ್ ಸೀಟಿನ ಕೆಳಗೆ ತಗಡು ತುಕ್ಕು ತಿಂದು ನೆಲ ಕಾಣ್ತಿತ್ತು.

ಎಷ್ಟು ಮಂದಿಗೆ ತೋರಿಸಿದೆ. ವಾಶಿಯಿಂದ ಒಬ್ಬ ಬಂದ, ಟೈ ಕಟ್ಕೊಂಡು. ಗ್ಯಾರೇಜಿನೊಳಗೆ ಟೈ. ಫೋಟೋ ಹಿಡಿದು, ಅಂಕಲ್ ಭಂಗಾರಿಗೆ, ಗುಜರಿಗೆ ಕೊಡಿ, ಅಂದು ಹೋದ. ಇನ್ನೊಬ್ಬ ತೂತಿಗೆಲ್ಲ ಪುಟ್ಟಿ ಮೆತ್ತಿ ಬಣ್ಣ ಬಳಿದು ಕೊಡ್ತೇನೆ ಅಂದ. ಆ ಥಾಣೆಯ ಕಾರು ಕ್ಲಬ್ಬಿನ ಹುಡುಗರೋ, ಬೇಡ. ಗಾಡಿಗೆ ಸ್ಟಿಕ್ಕರ್ ಅಂಟಿಸಿ, ಸೈಲೆನ್ಸರ್ ಬದಲಿಸಿ, ಭಾನುವಾರ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವವರು. ಅವರ ಮುಖಂಡ ಆ ಸಮಿತ್, ಅವನಿಗೆ ಸ್ಟೆಪ್ನಿ ಬದಲಿಸಲಿಕ್ಕೆ ಬರ್ತದಾ ಅಂತ ನನಗೆ ಈಗಲೂ ಸಂಶಯ.

ನೀನೇನು ದೊಡ್ಡ ಇಂಜಿನಿಯರಲ್ಲ. ಲಾರಿಯ ಮಡ್‌ಗಾರ್ಡ್ ಬಡೀತಿದ್ದವನು. ಶಾಲೆ ನೋಡಿದವನಲ್ಲ. ಇಲ್ಲಿಗೆ ಬಂದ ಮೊದಲ ದಿವಸ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಗಾಡಿಯ ಸುತ್ತ ನಡೆದು, ಬೆರಳಿನಿಂದ ಅಲ್ಲಲ್ಲಿ ತಟ್ಟಿ, "ಇಲ್ಲಿ ಸತ್ತದ್ರಿ, ಇಲ್ಲಿ ಜೀವ ಅದ" ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದಿ. ನನಗೆ ನಗು ಬಂತು. ಬಣ್ಣ ಕೆರೆದು ನೋಡಿದರೆ ನೀನು ಗೆರೆ ಎಳೆದಲ್ಲಿಗೇ ತುಕ್ಕು ನಿಂತಿತ್ತು, ಒಂದು ಕೂದಲು ಆಚೆ ಈಚೆ ಇಲ್ಲ. ಆಗಲೂ ನಾನು ನಿನಗೆ ಏನೂ ಹೇಳಲಿಲ್ಲ. ಹೊಗಳಿದರೆ ನಿಮ್ಮವರು ಮರುದಿವಸ ಕೆಲಸಕ್ಕೆ ಬರುವುದಿಲ್ಲ.

ಏಳು ತಿಂಗಳು. ಬಾಗಿಲ ಕೆಳಗಿನ ಆ ಸಿಲ್ ಪಟ್ಟಿಯನ್ನು ನೀನು ಸಪಾಟು ತಗಡಿನಿಂದ ಬಡಿದು ಬಡಿದು ತಿರುವು ಕೊಟ್ಟದ್ದು. ಅಚ್ಚಿಲ್ಲ, ಅಳತೆ ಇಲ್ಲ, ಎಡಗಡೆಯದನ್ನು ಕಣ್ಣಲ್ಲಿ ನೋಡುವುದು, ಬಲಗಡೆಯದನ್ನು ಬಡಿಯುವುದು. ನಾನು ವೀಡಿಯೋ ಮಾಡಿ ಆ ಕ್ಲಬ್ಬಿನವರಿಗೆ ಕಳಿಸ್ತಿದ್ದೆ. ಅದರಲ್ಲಿ ನಿನ್ನ ಕೈ ಮಾತ್ರ ಬರ್ತಿತ್ತು, ಮುಖ ಬರ್ತಿರಲಿಲ್ಲ. ಮಾತು ನಂದು. "ಇವತ್ತು ನಾನು ಸಿಲ್ ಕೂರಿಸಿದೆ," "ಇವತ್ತು ನಾನು ಫ್ಲೋರ್ ಹಾಕಿದೆ."...

ಎಂತ? ಅದು ನಿನಗೆ ಗೊತ್ತಿತ್ತಾ?

ಗೊತ್ತಿದ್ದರೆ ಗೊತ್ತಿರಲಿ. ಗಾಡಿ ನಂದು, ಫೋನು ನಂದು.

ಸರಿ, ಈಗ ಅವತ್ತಿನದ್ದು. ಸರಿಯಾಗಿ ಕೇಳು. ಭಾನುವಾರ, ಮಧ್ಯಾಹ್ನದ ಊಟ ಆಗಿ ಮೂರು ಗಂಟೆ. ಇಂಜಿನ್ ಕೂರಿಸಿದ ಮೆಕ್ಯಾನಿಕ್ ಹಿಂದಿನ ದಿವಸವೇ ಹೋಗಿದ್ದ. ನೀನು ಬಾನೆಟ್ಟಿನ ಹತ್ತಿರ ಬಗ್ಗಿ ಬೆಲ್ಟಿನ ಬಿಗಿ ನೋಡ್ತಿದ್ದಿ. ನಾನು ಒಳಗೆ ಸ್ಟಿಯರಿಂಗಿನ ಹಿಂದೆ. ನೀನು "ಹೊಡೀರಿ" ಅಂದಿ. ನಾನು ಕೀ ತಿರುಗಿಸಿದೆ. ನೀನು ಕೈ ತೆಗೆಯುವುದರೊಳಗೆ ಆಗಿ ಹೋಯಿತು. ಇಷ್ಟೇ. ನಾಲ್ಕು ಮಾತು. ಇಷ್ಟು ಹೇಳಿದರೆ ಅವಳು ಮತ್ತೆ ಕೇಳುವುದಿಲ್ಲ.

ಹೇಳು ನೋಡುವ, ಒಮ್ಮೆ.

...ಹೇಳು ಅಂದೆ.

ಬಾಯಲ್ಲಿ ಎಂತ ಇಟ್ಕೊಂಡಿದ್ದಿ? ಆಸ್ಪತ್ರೆಯಲ್ಲಿ ಚೆನ್ನಾಗಿಯೇ ಹೇಳಿದ್ದಿಯಲ್ಲ. ಆ ಡಾಕ್ಟರ್ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ, "ನಂದೇ ತಪ್ಪರಿ, ನಾನೇ ಲಕ್ಷ್ಯ ಕೊಡ್ಲಿಲ್ಲ" ಅಂದಿ. ನಾನೇನು ಹೇಳಿಕೊಟ್ಟದ್ದಾ? ಇಲ್ಲ. ನೀನಾಗಿಯೇ ಹೇಳಿದ್ದು. ಈಗ ಅದನ್ನೇ ಇನ್ನೊಮ್ಮೆ ಹೇಳಲಿಕ್ಕೆ ಏನು ಕಷ್ಟ?

ತಪ್ಪು ನಿಂದೇ ಅಂತ ನಾನೂ ಹೇಳ್ತೇನೆ. ತಗಡು ಬಡಿಯುವವನು ಬೆಲ್ಟಿಗೆ ಕೈ ಹಾಕಬಾರದಿತ್ತು. ಅದು ಮೆಕ್ಯಾನಿಕ್ಕಿನ ಕೆಲಸ... ಹೌದು, ಮೆಕ್ಯಾನಿಕ್ಕನ್ನು ನಾನೇ ಕಳಿಸಿಬಿಟ್ಟೆ. ಅವನ ಬಾಯಿ ದೊಡ್ಡದು, ಜಗಳವಾಯಿತು. ಹೌದು, "ನೀನೇ ನೋಡು ಮಾರಾಯ, ಎಲ್ಲ ಬರ್ತದಲ್ಲ ನಿನಗೆ" ಅಂತ ನಿನಗೆ ಹೇಳಿದ್ದೂ ನಾನೇ. ನೀನು, ಈ ಕೆಲಸ ನನಗೆ ಬರುವುದಿಲ್ಲ ಅಂತ ಹೇಳಬಹುದಿತ್ತು. ಕೈ ಮುಗಿದು ಹೇಳಬಹುದಿತ್ತು. ನಿಮಗೆ ಇಲ್ಲ ಅನ್ನಲಿಕ್ಕೆ ಬರುವುದಿಲ್ಲ, ಅದು ನನ್ನ ತಪ್ಪಾ?

ಹಾಗೆ ತಲೆ ಬಗ್ಗಿಸಿ ಕೂತರೆ ನನಗೆ ಗೊತ್ತಾಗುವುದಿಲ್ಲ. ಹೌದು ಅಂತಲೋ ಇಲ್ಲ ಅಂತಲೋ.

ಸರಿ. "ಹೊಡೀರಿ" ಅನ್ನಲಿಲ್ಲವಾ ನೀನು? ಆಯಿತು, ಅನ್ನಲಿಲ್ಲ ಅಂತ ಇಟ್ಕೊಳ್ಳುವ. ಏನೋ ಅಂದದ್ದು ಹೌದಲ್ಲ? ಪಕ್ಕದ ಮನೆಯಲ್ಲಿ ಡ್ರಿಲ್ ಮಶೀನ್ ನಡೀತಿತ್ತು. ನೀನು "ತಡೀರಿ" ಅಂದಿರಬಹುದು, ನನಗೆ "ಹೊಡೀರಿ" ಅಂತ ಕೇಳಿತು. ತಡೀರಿ, ಹೊಡೀರಿ. ನಿಮ್ಮ ಬಾಯಲ್ಲಿ ಎರಡೂ ಒಂದೇ. ಸ್ಪಷ್ಟ ಮಾತಾಡಿದರೆ ನಿಮ್ಮ ಗಂಟು ಹೋಗ್ತದಾ? ಬೇಕಾದರೆ ಹೀಗೇ ಹೇಳುವ ಅಶ್ಮಿತಾಗೆ. ನಿಂದೂ ತಪ್ಪಲ್ಲ, ನಂದೂ ತಪ್ಪಲ್ಲ. ಕೇಳುವುದರಲ್ಲಿ ಹೆಚ್ಚು ಕಡಿಮೆ ಆಯಿತು. ಇದು ಒಳ್ಳೆಯದು, ನೋಡು. ಯಾರ ಹೆಸರೂ ಕೆಡುವುದಿಲ್ಲ.

ಆಗಬಹುದಾ?

ಜಟ್ಟೆಪ್ಪ, ಆಗಬಹುದಾ ಅಂತ ಕೇಳಿದೆ.

ನೀನು ಹೀಗೆ ನೋಡಬೇಡ ಮಾರಾಯ. ಬೈಯುವುದಾದರೆ ಬೈದುಬಿಡು. ನಿನ್ನ ಹೆಂಡತಿ ಮರಗಮ್ಮ ಆಸ್ಪತ್ರೆಯ ಮೆಟ್ಟಿಲಲ್ಲಿ ಬೈದಳಲ್ಲ ಹೋಗುವ ಬರುವವರ ಎದುರೇ, ಅದು ನನಗೆ ಏನೂ ಅನ್ನಿಸಲಿಲ್ಲ. ಅವಳು ಬೈದು ಮುಗಿಸಿದಳು, ನಾನು ಕೇಳಿ ಮುಗಿಸಿದೆ. ನೀನು ಮಾತ್ರ ಐದು ವಾರದಿಂದ ಬರ್ತೀ, ಕೂತ್ಕೊಳ್ತೀ, ಕೈ ಚಾಚ್ತೀ, ಅಶ್ಮಿತಾ ಬಾಗಿಸಿದಾಗ ಹಲ್ಲು ಕಚ್ಚುತ್ತೀ, ಹೋಗ್ತೀ. ನನ್ನನ್ನು ನೋಡಿ "ಬರ್ತೀನ್ರಿ ಸಾಹೇಬ್ರ" ಅಂತೀ. ಅಷ್ಟೇ. ನನಗೆ ನಿದ್ದೆ...

ಇಲ್ಲ, ಡ್ರಿಲ್ ಮಶೀನ್ ಇರಲಿಲ್ಲ.

ಇರಲಿಲ್ಲ. ಭಾನುವಾರ ಮೂರು ಗಂಟೆಗೆ ಸೊಸೈಟಿಯಲ್ಲಿ ಯಾರಿಗೂ ಡ್ರಿಲ್ ಮಾಡಲಿಕ್ಕೆ ಬಿಡುವುದಿಲ್ಲ. ಗ್ಯಾರೇಜಿನಲ್ಲಿ ಫ್ಯಾನ್ ಕೂಡ ಬಂದ್ ಇತ್ತು, ನನ್ನ ಫೋನಿನಲ್ಲಿ ಮಾತು ಸರಿ ಕೇಳಲಿ ಅಂತ. ಫೋನಿನಲ್ಲಿ ಸಮಿತ್ ಇದ್ದ, ವೀಡಿಯೋ ಕಾಲಿನಲ್ಲಿ. ಅವನ ಹಿಂದೆ ಕ್ಲಬ್ಬಿನ ನಾಲ್ಕೈದು ಜನ. "ಅಂಕಲ್, ಸ್ಟಾರ್ಟ್ ಆಗ್ತದಾ ಇಲ್ಲವಾ" ಅಂತ ನಗ್ತಿದ್ದರು. ನಾನು, ಈಗ ನೋಡಿ, ಅಂದೆ. ನೀನು ಹೊರಗಿನಿಂದ, "ತಡೀರಿ ಸಾಹೇಬ್ರ" ಅಂದಿ. ಸಮಿತ್‌ಗೆ ಅದು ಕೇಳಿತು. "ಅಂಕಲ್, ಮೊದಲು ನಿಮ್ಮ ಮಿಸ್ತ್ರಿಯನ್ನು ಕೇಳಿ, ಗಾಡಿ ಮಾಡಿದ್ದು ಅವರೇ ಅಲ್ಲವಾ" ಅಂದ. ಎಲ್ಲರೂ ನಕ್ಕರು.

ಏಳು ತಿಂಗಳು ನಾನು ಮಾಡಿದೆ, ನಾನು ಮಾಡಿದೆ ಅಂತ ಹೇಳಿದ್ದು ಒಬ್ಬನೂ ನಂಬಿರಲಿಲ್ಲ.

ನೀನು ಎರಡನೇ ಸಲ ಹೇಳಿದಿ. ಅದೂ ಕೇಳಿತು ನನಗೆ. "ತಡೀರಿ, ಕೈ ಒಳಗದ." ಸ್ಪಷ್ಟ ಕೇಳಿತು. ನನ್ನ ಕಿವಿ ಸರಿ ಉಂಟು, ನಿನ್ನ ಬಾಯಿ ಸರಿ ಉಂಟು. ಬಾನೆಟ್ಟಿನ ಸಂದಿಯಲ್ಲಿ ನಿನ್ನ ಮೊಣಕೈ ಕೂಡ ಕಾಣ್ತಿತ್ತು. ನನಗೆ ಮಿಸ್ತ್ರಿಯ ಅಪ್ಪಣೆ ಬೇಕಾ, ನನ್ನ ಗಾಡಿಗೆ, ಅಂತ ಬಂತು ತಲೆಗೆ. ಒಂದು ಕ್ಷಣ. ತಿರುಗಿಸಿದೆ.

ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಹನ್ನೊಂದು ವರ್ಷದ ಮೇಲೆ.

ಇನ್ನೊಂದು ನಿನಗೆ ಗೊತ್ತಿಲ್ಲ. ನೀನು ಕೂಗಿದ್ದು ಕೇಳಿತು. ಕೇಳಿದ ಮೇಲೆ ಕೂಡ ನಾನು ಎರಡು ಸಲ ಆಕ್ಸಿಲರೇಟರ್ ಒತ್ತಿದೆ, ಫೋನನ್ನು ಮೀಟರಿನ ಹತ್ತಿರ ಹಿಡಿದು, ಅವರಿಗೆ ತೋರಿಸಲಿಕ್ಕೆ. ಆಮೇಲೆ ಬಂದ್ ಮಾಡಿದ್ದು. ಇಳಿದು ಬಂದು ನೋಡುವಾಗ ನೀನು ಬಂಪರಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತಿದ್ದಿ, ಬಲಗೈಯನ್ನು ಎಡಗೈಯಲ್ಲಿ ಹಿಡ್ಕೊಂಡು. ನನ್ನನ್ನು ನೋಡಿ, "ಗಾಡಿ ಚಾಲೂ ಆತಲ್ರಿ" ಅಂದಿ.

ಯಾಕೆ ಹಾಗೆ ಅಂದಿ? ಯಾಕೆ ಆ ಡಾಕ್ಟರಿಗೆ ನಂದೇ ತಪ್ಪು ಅಂದಿ? ನಾನೇನು ಕೇಳಿದೆನಾ ನಿನ್ನ ಹತ್ತಿರ? ಅವತ್ತಿನಿಂದ ನಿನ್ನ ಮೇಲೆ ನನಗೆ ಸಿಟ್ಟು. ಇದೆಲ್ಲ ಬೈದದ್ದು, ನಿಮ್ಮವರು ಹಾಗೆ ನಿಮ್ಮವರು ಹೀಗೆ ಅಂದದ್ದು... ನೀನು ಅಲ್ಲಿಯೇ ಒಂದು ಮಾತು ಹೇಳಿಬಿಟ್ಟಿದ್ದರೆ, ನನ್ನ ಕೊರಳಪಟ್ಟಿ ಹಿಡಿದಿದ್ದರೆ, ನಾನು ಇಲ್ಲ ಅಂತ ಜಗಳ ಮಾಡಿ ಆರಾಮ ಇರ್ತಿದ್ದೆ. ನೀನು ಸುಮ್ಮನಿದ್ದಿ. ಸುಮ್ಮನಿದ್ದವನ ಹತ್ತಿರ ಎಷ್ಟು ದಿವಸ ಜಗಳ ಮಾಡುವುದು?

ಎರಡು ಬೆರಳು ಪೂರ್ತಿ ಹೋಯಿತು, ಒಂದು ಅರ್ಧ. ಆರು ತಿಂಗಳಲ್ಲಿ ಚಮಚ ಹಿಡೀಬಹುದು ಅಂತಾಳೆ ಅಶ್ಮಿತಾ. ಸುತ್ತಿಗೆ ಅಂತ ಕೇಳಿದೆ. ಇಲ್ಲ ಅಂತ ತಲೆ ಅಲ್ಲಾಡಿಸಿದಳು. ನಿನಗೆ ಅದನ್ನು ನಾವು ಯಾರೂ ಹೇಳಲಿಲ್ಲ. ನಿನಗೆ ಗೊತ್ತಿರಬೇಕು.

...ಗೊತ್ತುಂಟಲ್ಲ.

ಹಾಂ, ಅವಳ ಗಾಡಿಯ ಶಬ್ದ. ಗೇಟಿನ ಹತ್ತಿರ ಬಂದಳು. ನೀನು ಏಳಬೇಡ, ಅಲ್ಲೇ ಕೂತ್ಕೋ. ಕಣ್ಣು ಒರೆಸ್ಕೋ, ಅವಳು ನೋಡಿದರೆ... ಇಲ್ಲ, ಬೇಡ, ನೋಡಲಿ. ಇಷ್ಟು ಹೊತ್ತು ನೀನು ಏನೂ ಹೇಳಲಿಲ್ಲವಲ್ಲ, ಹಾಗೇ ಇರು.

ಬಾ ಮಗಾ. ಚೀಲ ಅಲ್ಲಿಡು. ಕೈಯ ವ್ಯಾಯಾಮ ಆಮೇಲೆ ಮಾಡಿಸು, ಮೊದಲು ಕೂತ್ಕೋ ಇಲ್ಲಿ. ನಿನ್ನೆ ಕೇಳಿದ್ದನ್ನು ಜಟ್ಟೆಪ್ಪನ ಹತ್ತಿರ ಕೇಳಬೇಡ. ನನ್ನ ಹತ್ತಿರ ಇನ್ನೊಮ್ಮೆ ಕೇಳು.