ಹಗೇವಿನ ಬಾಯಿ ತೆಗೆದ ದಿನ

…ಅಲ್ಲಿ ಮಾತ್ರ ಕೂತ್ಕೋಬೇಡ ಕಣವ್ವಾ, ಈ ಕಡೆ ಬಾ, ಜಗಲಿ ಮೇಲೆ ಕೂತ್ಕೋ. ಆ ಚಪ್ಪಡಿ ಗಟ್ಟಿಯಾಗೇ ಐತೆ, ನಂಗೊತ್ತು, ಜೋಡೆತ್ತು ನಿಂತ್ರೂ ಬೀಳಲ್ಲ, ಆದ್ರೂ ಬೇಡ. ನಗ್ತೀರಾ? ನಗ್ರಿ ನಗ್ರಿ. ಅದರ ಕೆಳಗೆ ಏನೈತೆ ಗೊತ್ತಾ? ಹಗೇವು. ಹಗೇವು ಅಂದ್ರೆ ನೆಲದೊಳಗಿನ ಕಣಜ ಕಣ್ರೋ, ರಾಗಿ ತುಂಬೋದು. ಬಾಯಿ ಇಷ್ಟೇ ಅಗಲ, ಒಬ್ಬ ಮನುಷ್ಯ ಭುಜ ಓರೆ ಮಾಡ್ಕೊಂಡು ಇಳೀಬೇಕು, ಒಳಗಡೆ ನೋಡಿದ್ರೆ ಗುಡಾಣದ ಹಂಗೆ ಹೊಟ್ಟೆ, ಎರಡಾಳುದ್ದ. ರಾಗಿ ತುಂಬಿ, ಮೇಲೆ ಹುಲ್ಲು ಹಾಕಿ, ಚಪ್ಪಡಿ ಎಳೆದು, ಮಣ್ಣು ಮೆತ್ತಿಬಿಟ್ರೆ ವರ್ಷಗಟ್ಲೆ ಹುಳ ಬೀಳಲ್ಲ. ಯಾಕೆ ಬೀಳಲ್ಲ? ಒಳಗೆ ಗಾಳಿ ಇರಲ್ಲ, ಅದಕ್ಕೆ. ಹುಳ ಬದುಕದ ಕಡೆ ಮನುಷ್ಯ ಬದುಕ್ತಾನಾ? ನಾನು ಏಳು ವರ್ಷದೋಳು, ಅಲ್ಲಲ್ಲ, ಎಂಟು, ಇಸ್ಕೂಲಿಗೆ ಹಾಕಿದ್ರು ಆವಾಗ. ಶಿವಗಂಗೆ ಕಡೆ ನಮ್ಮ ತವರೂರು. ನಮ್ಮ ಚಿಕ್ಕಪ್ಪ ಹಗೇವಿಗೆ ಇಳಿದ. ಇಳಿದು, "ಬುಟ್ಟಿ ಬಿಡ್ರಿ" ಅಂದ. ಅಷ್ಟೇ ಕಣ್ರೋ. ಬುಟ್ಟಿ ಬಿಟ್ರು, ಸ್ವಲ್ಪ ಹೊತ್ತಾದ ಮೇಲೆ ಎಳೆದ್ರು, ಬುಟ್ಟಿ ಖಾಲಿ ಬಂತು. ಮತ್ತೆ ಬಿಟ್ರು, ಮತ್ತೆ ಖಾಲಿ. ಅವನ ಸೊಂಟಕ್ಕೆ ಹಗ್ಗ ಕಟ್ಟಿರ್ಲಿಲ್ಲ ಯಾರೂ. ನಾನು ಅಲ್ಲೇ ನಿಂತಿದ್ದೆ, ಆ ಖಾಲಿ ಬುಟ್ಟಿ ನೋಡ್ಕೊಂಡು.

ಅದಕ್ಕೇ ಮದುವೆಯಾಗಿ ಈ ಮನೆಗೆ ಬಂದಾಗ, ಅಂಗಳದಲ್ಲಿ ಇದೊಂದು ಐತೆ ಅಂತ ಗೊತ್ತಾದಾಗ, ನಂಗೆ ಮೂರು ದಿನ ಅನ್ನ ಸೇರ್ಲಿಲ್ಲ. ನಿಮ್ಮ ಮುತ್ತಾತ, ಅಂದ್ರೆ ನಮ್ಮ ಮಾವ, ಕೊನೇ ಸಲ ಅದನ್ನ ಅರ್ಧಕ್ಕೆ ತುಂಬಿ ಮುಚ್ಚಿದಾಗ ಹೇಳಿದ್ರು, "ಊರಿಗೇ ಕಷ್ಟ ಬಂದ್ರೆ ತೆಗೀರಿ, ಹಂಗೇ ತೆಗೀಬೇಡಿ." ಆಮೇಲೆ ಅವರು ಹೋದ್ರು. ನಾನು ಅದರ ಮೇಲೆ ಹುಲ್ಲಿನ ಮೆದೆ ಒಟ್ಟಿಸ್ಬಿಟ್ಟೆ, ಕಣ್ಣಿಗೆ ಕಾಣ್ಬಾರ್ದು ಅಂತ. ವರ್ಷಗಳು ಹೋದ್ವು, ಯಾರೂ ಆ ಸುದ್ದಿ ಎತ್ಲಿಲ್ಲ. ಎತ್ತೋಕೆ ಯಾರಿಗೆ ಬೇಕಿತ್ತು? ಊರಲ್ಲಿ ರಾಗಿ ಬಿತ್ತೋದೇ ಬಿಟ್ಬಿಟ್ಟಿದ್ವಿ. ಒಬ್ಬರು ಗುಲಾಬಿ, ಒಬ್ಬರು ಸೇವಂತಿಗೆ, ಒಬ್ಬರು ಬೇಬಿಕಾರ್ನ್, ಆ ಕಡೆ ಹೊಲವೆಲ್ಲಾ ನೀಲಗಿರಿ. ನಮ್ಮದೂ ಗುಲಾಬೀನೇ. ತಿನ್ನೋದೊಂದು ಬಿಟ್ಟು ಎಲ್ಲಾ ಬೆಳೀತಿದ್ವಿ ನೋಡಿ. ರಾಗಿ ಬೇಕಾದ್ರೆ ನೆಲಮಂಗಲಕ್ಕೆ ಹೋಗಿ ಪಾಕೀಟಿನಲ್ಲಿ ತರೋರು!

ಆಮೇಲೆ ಬಂತಲ್ಲ, ಕೊರೋನಾ. ಯುಗಾದಿ ಒಬ್ಬಟ್ಟಿಗೆ ಬೇಳೆ ನೆನೆ ಹಾಕಿದ್ದೆ, ಟೀವಿಯಲ್ಲಿ ಹೇಳಿದ್ರು, ಯಾರೂ ಆಚೆ ಬರಂಗಿಲ್ಲ ಅಂತ. ನೀವಾಗ ಚಿಕ್ಕೋರು, ನಿಮ್ಮಮ್ಮನ ತವರಲ್ಲಿದ್ರಿ. ಬಸ್ಸಿಲ್ಲ, ಲಾರಿಯಿಲ್ಲ, ತ್ಯಾಮಗೊಂಡ್ಲು ರಸ್ತೆ ಮಟಮಟ ಮಧ್ಯಾಹ್ನಾನೂ ಬಿಕೋ ಅನ್ನೋದು, ನಾಯಿ ಬಂದು ನಡುರಸ್ತೇಲಿ ಮಲಗೋದು. ನಿಮ್ಮ ತಾತ ಗುಲಾಬಿ ಕಿತ್ತು ಕಿತ್ತು ತಿಪ್ಪೆಗೆ ಸುರಿದ್ರು. ತಿಪ್ಪೆ ಕೆಂಪಗೆ, ಘಮಘಮ ಅಂತಿತ್ತು, ಹಸು ಹತ್ರ ಹೋಗಿ ಮೂಸಿ ನೋಡಿ ವಾಪಸ್ ಬಂತು. ಅದನ್ನ ನೋಡಿ ನಂಗೆ ಭಯ ಶುರುವಾಯ್ತು ಕಣ್ರೋ. ಹಸು ತಿನ್ನಲ್ಲ, ನಾವು ತಿನ್ನಲ್ಲ, ಇನ್ನೇನು ತಿನ್ನೋದು? ಕಾರ್ಡಿದ್ದೋರಿಗೆ ಅಕ್ಕಿ ಬಂತು, ಇಲ್ಲ ಅನ್ನಲ್ಲ. ಆದ್ರೆ ಭಯ ಅನ್ನೋದು ಅಕ್ಕಿ ನೋಡಿದ್ರೆ ಹೋಗಲ್ಲ. ಒಬ್ಬರು ಆರು ತಿಂಗಳು ಅನ್ನೋರು, ಇನ್ನೊಬ್ಬರು ವರ್ಷ ಅನ್ನೋರು. ಇದ್ದಬದ್ದ ಕಾಳನ್ನೆಲ್ಲಾ ಒಳಗೆ ಬಚ್ಚಿಟ್ಟು, ಅಕ್ಕಪಕ್ಕದೋರ ಮುಂದೆ "ಏನೂ ಇಲ್ಲ ಕಣಕ್ಕಾ" ಅನ್ನೋರು. ನಾನೂ ಅಂದಿದ್ದೀನಿ, ಸುಳ್ಳ್ಯಾಕೆ ಹೇಳ್ಲಿ. ಊರ ಬಾಗಿಲಿಗೆ ಜಾಲಿಮುಳ್ಳು ತಂದು ಅಡ್ಡ ಹಾಕ್ಬಿಟ್ರು, ಹೊರಗಿನೋರು ಬರಬಾರ್ದು ಅಂತ.

ಹೊರಗಿನೋರು ಅಂದ್ರೆ ಯಾರು? ಕೆರೆ ಆಚೆ ಇಟ್ಟಿಗೆ ಗೂಡಿತ್ತಲ್ಲ, ಅಲ್ಲಿಗೆ ರಾಯಚೂರು ಕಡೆಯಿಂದ ಹತ್ತಾರು ಮನೆಯೋರು ದುಡಿಯೋಕೆ ಬಂದಿದ್ರು. ಅವರ ಕಾರ್ಡೆಲ್ಲಾ ಅವರೂರಲ್ಲಿ. ಗೂಡಿನ ಸಾಹುಕಾರ ಬೆಂಗಳೂರಲ್ಲಿ ಸಿಕ್ಕಾಕ್ಕೊಂಡಿದ್ದ, ಫೋನೂ ಎತ್ತಿರ್ಲಿಲ್ಲ. ಒಂದು ದಿನ ಬೆಳಿಗ್ಗೆ ನಾನು ಹಸು ಹೊಡ್ಕೊಂಡು ಹೋಗ್ತಿದ್ದೀನಿ, ಮುಳ್ಳಿನ ಆಚೆ ಒಬ್ಬಳು ನಿಂತವ್ಳೆ, ಕಂಕುಳಲ್ಲಿ ಕೂಸು. ಬಸಮ್ಮ ಅಂತ ಅವಳ ಹೆಸರು, ಆಮೇಲೆ ಗೊತ್ತಾಯ್ತು. ಸೆರಗು ಮೂಗಿಗೆ ಅಡ್ಡ ಹಿಡ್ಕೊಂಡು, "ಯವ್ವಾ, ನಮಗೇನೂ ಬ್ಯಾನಿ ಇಲ್ಲರಿ. ಎರಡು ದಿನಾತು, ಹುಡುಗ್ರು ನೀರು ಕುಡದು ಮಲಗ್ಯಾವ. ಏನರ ಇದ್ರ ಅಲ್ಲೇ ಇಟ್ಟು ಹೋಗ್ರಿ, ನಾವು ಮುಟ್ಟಂಗಿಲ್ಲ ನಿಮ್ಮನ್ನ" ಅಂದ್ಲು. ನಾನು ಏನು ಮಾಡಿದೆ ಗೊತ್ತಾ? ಓಡಿ ಬಂದ್ಬಿಟ್ಟೆ. ಹೂಂ ಕಣೋ, ಓಡಿಬಂದೆ, ಹಸೂನೂ ಬಿಟ್ಟು. ಅವಳ ಉಸಿರು ತಗುಲಿತೇನೋ ಅಂತ ಮನೆಗೆ ಬಂದು ತಲೆ ಮೇಲೆ ನೀರು ಹುಯ್ಕೊಂಡೆ. ತಲೆ ಒರೆಸ್ಕೊಳ್ವಾಗ ಅಳು ಬಂದ್ಬಿಡ್ತು. ಆ ಕೂಸು ಅಳ್ತಾನೂ ಇರ್ಲಿಲ್ಲ ಕಣ್ರೋ. ಅಳೋ ಕೂಸಾದ್ರೆ ಪರವಾಗಿಲ್ಲ, ಸುಮ್ಮನಿರೋ ಕೂಸು ನೋಡಿದ್ರೆ ಭಯ.

ಆವಾಗ ನಿಮ್ಮ ತಾತನ ಹತ್ರ ಹೋಗಿ ನಾನೇ ಬಾಯಿ ಬಿಟ್ಟೆ, "ಇಲ್ನೋಡ್ರಿ, ಹಗೇವು ತೆಗೀರಿ." ಅವರು ನನ್ನ ಮುಖಾನೇ ನೋಡಿದ್ರು. "ನೀನೇನಾ ಹೇಳ್ತಿರೋದು?" ಅಂದ್ರು. ಸುದ್ದಿ ಹಬ್ಬಿ ಅರ್ಧ ಊರು ಬಂತು ಅಂಗಳಕ್ಕೆ, ಮೂತಿಗೆ ಬಟ್ಟೆ ಕಟ್ಕೊಂಡು, ಒಬ್ಬರಿಗೊಬ್ಬರು ದೂರ ದೂರ. ಮೆದೆ ಸರಿಸಿ, ಮಣ್ಣು ಕೆತ್ತಿ, ಹಾರೆ ಹಾಕಿ ಚಪ್ಪಡಿ ಮೀಟಿದ್ರು. ಒಳಗಿಂದ ಒಂದು ಬಿಸಿ ಹಬೆ ಬಂತು ನೋಡಿ, ಹುಳಿ ಹುಳಿ ವಾಸನೆ, ಎಲ್ರೂ ಹಿಂದಕ್ಕೆ ಸರಿದ್ರು. ನಾನಂದೆ, "ಇವತ್ತು ಯಾರೂ ಇಳೀಬೇಡಿ, ಒಂದಿನ ಬಾಯಿ ತೆಗೆದಿಟ್ಟು, ಆಮೇಲೆ ದೀಪ ಬಿಟ್ಟು ಉರಿಯುತ್ತಾ ನೋಡಾಣ." ಪಂಚಾಯ್ತಿ ಮೆಂಬರ್ ಶಿವಣ್ಣ ಇದ್ದ, ಅವನಿಗೆ ಅವಸರ. "ನಾಳೆಗೆ ಪೊಲೀಸರು ಬಂದು ಗುಂಪು ಸೇರಿದ್ಯಾಕೆ ಅಂದ್ರೆ? ಇವತ್ತೇ ಆಗ್ಲಿ ಕಣಕ್ಕಾ" ಅಂದ. ಸರಿ, ಹಗ್ಗಕ್ಕೆ ದೀಪ ಕಟ್ಟಿ ಬಿಟ್ರು. ಬಾಯಿ ಹತ್ರ ಉರೀತು. ಇನ್ನೊಂದು ಮಾರು ಇಳಿಸಿದ್ರು, ಪುಸಕ್ಕಂತ ಆರೋಯ್ತು. ಶಿವಣ್ಣ, "ಗಾಳಿಗೆ ಆರಿದ್ದು" ಅಂದ. ಗಾಳಿ ಎಲ್ಲಿಂದ ಬರ್ಬೇಕು ಅಲ್ಲಿ? ಆದ್ರೆ ಇಳಿಯೋರು ಯಾರು? ಊರೋರೆಲ್ಲಾ ನೆಲ ನೋಡ್ಕೊಂಡು ನಿಂತ್ರು. ಆವಾಗ ಯಾರೋ ಅಂದ್ರು, ಯಾರು ಅಂತ ಹೇಳಲ್ಲ, ಅವರೀಗಿಲ್ಲ, "ಗೂಡಿನೋರಿಗೂ ರಾಗಿ ಬೇಕಲ್ಲ, ಅವರಲ್ಲೇ ಒಬ್ಬ ಇಳೀಲಿ" ಅಂತ.

ಮುಳ್ಳು ಒಂಚೂರು ಸರಿಸಿ ಕರೆಸಿದ್ರು, ಬಸಮ್ಮನ ಗಂಡ ಬಂದ. ಹುಲುಗಪ್ಪ. ಕಡ್ಡಿ ಹಂಗಿದ್ದ, ಭುಜ ಓರೆ ಮಾಡೋದೂ ಬೇಕಿರ್ಲಿಲ್ಲ. ನಾನು ಬೇಡ ಅಂತ ಬಡ್ಕೊಂಡೆ. ಅವನು, "ಇರ್ಲಿ ಬಿಡ್ರಿ ಯವ್ವಾ, ಮಣ್ಣಾಗ ಹುಟ್ಟಿ ಮಣ್ಣಾಗ ದುಡಿಯೋರು ನಾವು" ಅಂದ. ಹೊಟ್ಟೆ ಹಸಿದೋನಿಗೆ ನನ್ನ ಮಾತು ಕೇಳಿಸುತ್ತಾ? ಕೊನೆಗೆ ನಾನು ಹೋಗಿ ಬಾವಿ ಹಗ್ಗ ತಂದು, "ಇದನ್ನ ಕಂಕುಳ ಕೆಳಗೆ ಬಿಗೀದೆ ಇಳಿದ್ರೆ ನನ್ನ ಹೆಣದ ಮೇಲೆ ಇಳೀಬೇಕು" ಅಂದೆ. ಕಟ್ಕೊಂಡ. ಇಳಿದ. ಕಾಲು, ಸೊಂಟ, ತಲೆ, ಆಮೇಲೆ ಎರಡು ಕೈ ಮಾತ್ರ ಕಾಣ್ತಿತ್ತು, ಆಮೇಲೆ ಅದೂ ಇಲ್ಲ. ನಾನು ಎಣಿಸ್ತಾ ನಿಂತೆ. ಒಂದು, ಎರಡು, ಮೂರು… ಕೆಳಗಿಂದ ಏನೋ ಅಂದ. ಏನಂದ ಅಂತ ಇವತ್ತಿಗೂ ಗೊತ್ತಿಲ್ಲ. ನಿಮ್ಮ ತಾತನ ಕೈಯಲ್ಲಿದ್ದ ಹಗ್ಗ ಬಿಗಿಯಾಯ್ತು, ಆಮೇಲೆ ಸಡಿಲಾಗಿ ಜೋತುಬಿತ್ತು. "ಹುಲುಗಪ್ಪಾ!" ಅಂತ ಕೂಗಿದ್ರು. "ಲೇ ಹುಲುಗಪ್ಪಾ!" ಆಚೆ ಕಾಯ್ತಾ ನಿಂತಿದ್ದ ಬಸಮ್ಮ ಕೂಗು ಕೇಳಿ ಮುಳ್ಳು ದಾಟ್ಕೊಂಡು ಓಡಿಬಂದ್ಲು, ಕಾಲೆಲ್ಲಾ ರಕ್ತ. ನಿಮ್ಮ ತಾತ, ಶಿವಣ್ಣ, ಇನ್ನಿಬ್ಬರು ಎಳೆದ್ರು, ಎಳೆದ್ರು, ಬಾಯಿ ಹತ್ರ ಬಂದು ತಲೆ ಓರೆಯಾಗಿ ಸಿಕ್ಕಾಕ್ಕೊಂಡ. ಮುಖ ಸೀಸದ ಬಣ್ಣ ಕಣ್ರೋ. ಈಗ ಯಾರಾದ್ರೂ ಬಗ್ಗಿ ಅವನ ತಲೆ ನೆಟ್ಟಗೆ ಮಾಡಿ, ಭುಜ ಹಿಡಿದು ಮೇಲಕ್ಕೆ ಎತ್ತಬೇಕು. ಯಾರೂ ಬರ್ಲಿಲ್ಲ. ದೂರ ದೂರ ನಿಂತಿದ್ರಲ್ಲ, ಹಂಗೇ ನಿಂತಿದ್ರು. ಗೂಡಿನೋನು, ಮುಟ್ಟಿದ್ರೆ ರೋಗ. ಹಗೇವಿಗಿಳಿಸೋವಾಗ ನಮ್ಮೋನು, ಎತ್ತೋವಾಗ ಹೊರಗಿನೋನು! ನಂಗೂ ಕೈ ಮುಂದಕ್ಕೆ ಹೋಗ್ಲಿಲ್ಲ ಒಂದು ಗಳಿಗೆ. ಒಂದು ಗಳಿಗೆ ಅಷ್ಟೇ, ಆದ್ರೆ ಹೋಗ್ಲಿಲ್ಲ. ಆಮೇಲೆ ಏನಾಯ್ತೋ, ಮಂಡಿಯೂರಿ ಅವನ ಬೆವರಿನ ಕುತ್ತಿಗೆಗೆ ಕೈ ಹಾಕ್ಬಿಟ್ಟೆ, ಆ ಕಡೆಯಿಂದ ಬಸಮ್ಮ. ಇಬ್ಬರೂ ಸೇರಿ ಎಳೆದ್ವಿ. ಹೊರಗೆ ಹಾಕಿ, ಅಂಗಾತ ಮಲಗಿಸಿ, ಮೊರದಲ್ಲಿ ಬೀಸಿದೆ, ಎದೆ ತಿಕ್ಕಿದೆ, ಕೆನ್ನೆಗೆ ಬಡಿದೆ. ಬಸಮ್ಮ ಅಳ್ತಾನೇ ಇರ್ಲಿಲ್ಲ, "ಏಳ್ರಿ, ಏಳ್ರಿ, ಏಳ್ರಿ" ಅಷ್ಟೇ. ಎಷ್ಟು ಹೊತ್ತೋ. ನನ್ನ ಲೆಕ್ಕದಲ್ಲಿ ಒಂದು ಯುಗ. ಆಮೇಲೆ ಕೆಮ್ಮಿದ. ಕೆಮ್ಮಿ, ವಾಂತಿ ಮಾಡ್ಕೊಂಡ. ವಾಂತಿಯಲ್ಲಿ ಬರೀ ನೀರು ಕಣ್ರೋ, ಒಂದಗುಳು ಅನ್ನ ಇಲ್ಲ.

ಅವತ್ತು ಶಿವಣ್ಣ ಯಾರಿಗೂ ಮುಖ ತೋರಿಸ್ಲಿಲ್ಲ, ಅವನೇ ಹೋಗಿ ಊರ ಬಾಗಿಲ ಮುಳ್ಳು ಎಳೆದು ಬೇಲಿಗೆ ಹಾಕಿ ಬಂದ. ಮಾರನೇ ದಿನ ಇಡೀ ಬಾಯಿ ತೆಗೆದಿಟ್ವಿ, ಬೇವಿನ ಕೊಂಬೆ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಆಡಿಸಿ ಗಾಳಿ ಮಾಡಿದ್ವಿ. ಅದರ ಮಾರನೇ ದಿನ ದೀಪ ಕೆಳಗೆ ರಾಗಿ ಮುಟ್ಟೋವರೆಗೂ ಉರೀತು. ಆದ್ರೂ ಗೂಡಿನೋರನ್ನ ಇಳಿಸೋಕೆ ನಾನು ಬಿಡ್ಲಿಲ್ಲ. "ಈ ಮನೆ ಹಗೇವು, ಈ ಮನೆಯೋರೇ ಇಳೀಬೇಕು" ಅಂದೆ. ನಿಮ್ಮ ತಾತ ಇಳಿದ್ರು. ಅಯ್ಯೋ, ಹೇಳಿದಷ್ಟು ಸಲೀಸಲ್ಲ. ಒಂದೊಂದು ಬುಟ್ಟಿಗೂ "ಇದ್ದೀರಾ?" ಅಂತ ಕೂಗೋದು ನಾನು, "ಇದ್ದೀನಿ ಕಣೇ" ಅನ್ನೋದು ಅವರು. ಒಂದು ಸಲ ತಮಾಷೆಗೆ ಸುಮ್ಮನಿದ್ರು. ಮೇಲೆ ಬಂದ ಮೇಲೆ ಎಲ್ಲರ ಮುಂದೆ ಬೈದೆ, ಗಂಡ ಅಂತಾನೂ ನೋಡ್ಲಿಲ್ಲ. ಗೋಡೆ ಪಕ್ಕದ ರಾಗಿ ಕಪ್ಪಾಗಿ ಮುಗ್ಗಲು ಹಿಡಿದಿತ್ತು, ಅದನ್ನ ಎಸೆದ್ವಿ, ನಡುವಿನದು ನೋಡಿ, ನಿನ್ನೆ ಒಕ್ಕಣೆ ಮಾಡಿದಂಗೆ. ಆದ್ರೆ ಮತ್ತೆ ಭಯ! ಇಷ್ಟು ಹಳೇದು, ವಿಷ ಗಿಷ ಆಗಿದ್ರೆ? ಮಕ್ಕಳಿಗೆ ಹೆಂಗೆ ಕೊಡೋದು? ಊರ ಮಿಲ್ಲು ಬಾಗ್ಲು ಹಾಕಿತ್ತು, ಬೀಸೋಕಲ್ಲು ತೆಗೆದ್ವಿ. ಬೀಸೋಕಲ್ಲಿಗೆ ಎದುರುಬದುರು ಕೂತ್ಕೋಬೇಕು, ಆರಡಿ ದೂರ ಕೂತ್ರೆ ಗೂಟ ಸಿಗುತ್ತಾ? ನಾನೂ ಬಸಮ್ಮಾನೂ ಬೀಸಿದ್ವಿ. ಮೊದಲನೇ ಮುದ್ದೆ ನಾನೇ ತಿಂದೆ, ಸೊಪ್ಪಿನ ಸಾರಿಗೆ. ತಿಂದು ಜಗಲಿ ಮೇಲೆ ಕೂತೆ, ಊರೋರೆಲ್ಲಾ ನನ್ನೇ ನೋಡ್ತಾ ಕೂತ್ರು, ಇವಳು ಈಗ ಬೀಳ್ತಾಳಾ ಆಗ ಬೀಳ್ತಾಳಾ ಅಂತ. ಹೊಟ್ಟೇಲಿ ಒಂಚೂರು ಗುಡುಗುಡು ಅಂದ್ರೂ ನಂಗೆ ದೇವರು ಕಾಣ್ಸೋನು. ಹೊತ್ತು ಇಳೀತು, ಏನೂ ಆಗ್ಲಿಲ್ಲ, ಮತ್ತೆ ಹಸಿವಾಯ್ತು. ಆವಾಗ ಒಲೆ ಮೇಲೆ ದೊಡ್ಡ ಹಂಡೆ ಇಟ್ವಿ.

ಗೂಡಿನೋರು ತಮ್ಮೂರಿಗೆ ಹೋಗೋವರೆಗೂ ಅದೇ ರಾಗಿ, ನಮ್ಮೂರಿಗೂ ಅವರಿಗೂ. ಸಮೇತನಹಳ್ಳಿಯಲ್ಲಿ ನಮ್ಮಕ್ಕನ ಮಗ ಇದ್ದಾನಲ್ಲ, ಅವನ ಹೊಲದಲ್ಲಿ ಕೋಸು, ಟೊಮೇಟೊ ಕೇಳೋರಿಲ್ದೆ ಕೊಳೀತಿತ್ತು. ತರಕಾರಿ ಗಾಡಿಗೆ ಪಾಸು ಕೊಟ್ಟ ಮೇಲೆ ಟೆಂಪೋ ತುಂಬ ತಂದು ಇಳಿಸಿ, ಅವರೂರಿಗೆ ರಾಗಿ ತುಂಬ್ಕೊಂಡು ಹೋದ. ಆ ಮುಂಗಾರಿಗೆ ನಿಮ್ಮ ತಾತ ಅರ್ಧ ಗುಲಾಬಿ ಕಿತ್ತು ರಾಗಿ ಬಿತ್ತಿದ್ರು, ಸಾಲಿನ ಮಧ್ಯೆ ಅವರೆ. ನೋಡ್ಕೊಂಡು ಶಿವಣ್ಣ ಬಿತ್ತಿದ, ಆಮೇಲೆ ಇನ್ನೊಂದಷ್ಟು ಮನೆ. ಈಗ ಸುಗ್ಗಿಯಾದ ಮೇಲೆ ಮನೆಗಿಷ್ಟು ಅಂತ ತಂದು ಸುರೀತಾರೆ, ಈ ಹಗೇವು ಈಗ ನಮ್ಮದಲ್ಲ, ಊರಿಂದು. ಮರುವರ್ಷ ಹುಲುಗಪ್ಪ ದುಡಿಯೋಕೆ ಬಂದಾಗ ಅವರೂರಿನ ಜೋಳ ಒಂದು ಚೀಲ ಹೊತ್ಕೊಂಡು ಬಂದಿದ್ದ, ಬೇಡ ಅಂದ್ರೂ ಕೇಳ್ಲಿಲ್ಲ. ಅವನಿಗೆ ಎದೆಯೊಳಗೆ ಏನೋ ಹಿಡಿದಂಗೆ ಆಗ್ತಿತ್ತಂತೆ ಆಗಾಗ, ಮೊದಲಿನಂಗೆ ಇಟ್ಟಿಗೆ ಹೊರೋಕೆ ಆಗಲ್ವಂತೆ. ನಾನು ನನ್ನ ಮಾತು ಗಟ್ಟಿಯಾಗಿ ನಡೆಸಿದ್ದಿದ್ರೆ ಅವನು ಅವತ್ತು ಇಳೀತಿರ್ಲಿಲ್ಲ.

ಏನಂತ ಹೇಳ್ಲಿ ನಿಮಗೆ. ಭಯ ಎಲ್ರಿಗೂ ಆಗುತ್ತೆ, ನಂಗೆ ಈಗ್ಲೂ ಆಗುತ್ತೆ. ಆದ್ರೆ ಪಕ್ಕದ ಮನೆ ಒಲೆ ಹತ್ತಿಲ್ಲ ಅಂದ್ರೆ ನಮ್ಮನೆ ಕಾಳು ಎಷ್ಟು ದಿನಕ್ಕೆ ಬರುತ್ತೆ ಅಂತ ಎಣಿಸ್ತಾ ಕೂರಬಾರ್ದು, ಎದ್ದು ಹೋಗಿ ಕೇಳ್ಬೇಕು. ಹೂಂ, ಏಳಿ, ಕೈ ತೊಳ್ಕೊಳ್ಳಿ, ಸಾರು ಆರೋಗುತ್ತೆ.