ಕಾರಿಗಾಗಿ ತಿರುಗಿ ಹೋದವನು

ಒಂದೂರಿನಲ್ಲಿ ಒಬ್ಬ ಅನುಕೂಲಸ್ಥ ಬೀಜದ ವ್ಯಾಪಾರಿ ಇದ್ದ. ಊರು ರಾಣೆಬೆನ್ನೂರು ಎಂದಿಟ್ಟುಕೊಳ್ಳೋಣ, ಅವನ ಹೆಸರು ಗುರುಶಾಂತಪ್ಪ ಎಂದಿಟ್ಟುಕೊಳ್ಳೋಣ. ನೋಡಿ, ಕೆಟ್ಟವನಲ್ಲ. ಮಠಕ್ಕೆ ಬರುವವನು, ದಾಸೋಹಕ್ಕೆ ಅಕ್ಕಿ ಕೊಡುವವನು. ಇವತ್ತು ಈ ಪ್ರವಚನಕ್ಕೆ ಬಂದಿದ್ದರೆ ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದ.

ಚೌಕಾಸಿಯಲ್ಲಿ ಅವನನ್ನು ಮೀರಿಸುವವರು ಆ ಪೇಟೆಯಲ್ಲಿ ಇರಲಿಲ್ಲ. ಅವನು ಕೂಗಾಡುತ್ತಿರಲಿಲ್ಲ, ಯಾರ ಸರಕನ್ನೂ ಹೀಯಾಳಿಸುತ್ತಿರಲಿಲ್ಲ. ನಗುತ್ತಾ ಕೂರುತ್ತಿದ್ದ, ನಗುತ್ತಾ ಏಳುತ್ತಿದ್ದ. ಎದ್ದು ಹೋದವನು ಮತ್ತೆ ನಗುತ್ತಾ ಬರುತ್ತಿದ್ದ.

ಅವನ ಹಳೆಯ ಕಾರು ದಾರಿಯಲ್ಲಿ ನಿಲ್ಲತೊಡಗಿದಾಗ ಹೊಸದನ್ನು ಕೊಳ್ಳಲು ಹೆಂಡತಿ ನೀಲಮ್ಮನ ಜೊತೆ ಹುಬ್ಬಳ್ಳಿಯ ಒಂದು ಶೋರೂಮಿಗೆ ಹೋದ. ಅಲ್ಲಿಯ ಹುಡುಗ ಎಲ್ಲ ಸೇರಿಸಿ ಒಂದು ಬೆಲೆ ಹೇಳಿದ. ಇವನು ಅರ್ಧ ತಾಸು ಕೂತು ಮಾತಾಡಿದ. ಹುಡುಗ, ಇದಕ್ಕಿಂತ ಕಡಿಮೆ ಆಗುವುದಿಲ್ಲ ಎಂದ. ಗುರುಶಾಂತಪ್ಪ ಸಿಟ್ಟಾದನೇ? ಇಲ್ಲ. ಚಹಾ ಕುಡಿದು, ಆ ಹುಡುಗನ ತಂದೆತಾಯಿಯ ಕ್ಷೇಮ ವಿಚಾರಿಸಿ, ಎದ್ದು ಬಂದ.

ಮುಂದಿನ ವಾರ ತಾನಾಗಿಯೇ ಮತ್ತೆ ಹೋದ. ಆಗ ಮ್ಯಾನೇಜರ್ ಬಂದು, ಬೆಲೆ ಇಳಿಯುವುದಿಲ್ಲ, ಬೇಕಾದರೆ ಸೀಟ್ ಕವರ್ ಹಾಕಿಕೊಡುತ್ತೇವೆ ಎಂದ. ಅಷ್ಟು ಸಾಲದು ಎಂದು ಇವನು ಎದ್ದು ಬಂದ. ತಿಂಗಳ ಕೊನೆಗೆ ಅವರಿಗೂ ಕಾರು ಮಾರಲೇಬೇಕಾದ ಒತ್ತಡ ಇರುತ್ತದೆ ಎಂದು ಯಾರೋ ಹೇಳಿದ್ದರು. ತಿಂಗಳ ಕೊನೆಗೆ ಮತ್ತೆ ಹೋದ. ಈ ಸಲ ವಿಮೆಯಲ್ಲಿ ಒಂದಿಷ್ಟು ಇಳಿಯಿತು, ಬದಲಿಗೆ ಕೊಡುವ ಹಳೆಯ ಕಾರಿನ ಬೆಲೆ ಒಂದಿಷ್ಟು ಏರಿತು, ಕೊನೆಗೆ ಹೊಸ ಕಾರಿನ ಬೆಲೆಯೂ ಇಳಿಯಿತು. ಇವನೂ ಮ್ಯಾನೇಜರೂ ನಕ್ಕು ಕೈ ಕುಲುಕಿದರು. ಸುಳ್ಳು ಹೇಳಲಿಲ್ಲ, ಮೋಸ ಮಾಡಲಿಲ್ಲ. ನಾನು ಅವನದು ತಪ್ಪು ಎನ್ನುತ್ತೇನೆಯೇ? ಇಲ್ಲ. ದುಡಿದ ಹಣ, ಕೇಳಿ ಕೊಳ್ಳಬೇಕು. ಕೇಳಿಯೇ ಕೊಂಡ.

ಆದರೆ ಕೇಳಿ. ಶೋರೂಮಿನ ಹಿಂದಿನ ಬಡಾವಣೆಯಲ್ಲಿಯೇ ಅವನ ಅಕ್ಕ ಕಾಶವ್ವನ ಮನೆ ಇತ್ತು. ತಾಯಿ ತೀರಿಕೊಂಡ ಮೇಲೆ ಇವನ ತಲೆ ಬಾಚಿ ಶಾಲೆಗೆ ಕಳಿಸಿದ ಅಕ್ಕ. ವರ್ಷಗಳ ಹಿಂದೆ ಆ ಮನೆಯಲ್ಲಿ ಮೊಮ್ಮಗಳ ತೊಟ್ಟಿಲು ಕಾರ್ಯ ನಡೆದಿತ್ತು. ಇವನು ಪ್ರೀತಿಯಿಂದ ಕೂಸಿಗೆ ಬೆಳ್ಳಿಯ ಕಾಲ್ಗೆಜ್ಜೆ ಒಯ್ದಿದ್ದ. ಊಟದ ಪಂಕ್ತಿಯಲ್ಲಿ ಅಕ್ಕನ ಗಂಡ ತಮಾಷೆಗೆ, ಈ ಗೆಜ್ಜೆಗೂ ನಮ್ಮ ಗುರುಶಾಂತ ಚೌಕಾಸಿ ಮಾಡಿಯೇ ಇರಬೇಕು ಎಂದುಬಿಟ್ಟ. ಪಂಕ್ತಿಯವರೆಲ್ಲ ನಕ್ಕರು. ಜೀವನವಿಡೀ ನಗುತ್ತಾ ವ್ಯಾಪಾರ ಮಾಡಿದವನಿಗೆ ಆ ನಗುವನ್ನು ಸಹಿಸಲಾಗಲಿಲ್ಲ. ಎಲೆಯ ಮೇಲಿನ ಹೋಳಿಗೆ ಬಿಟ್ಟು ಎದ್ದ. ಅಕ್ಕ ಬಾಗಿಲವರೆಗೆ ಓಡಿ ಬಂದಳು. ಇವನು ತಿರುಗಿ ನೋಡಲಿಲ್ಲ. ಅಷ್ಟೇ. ಆಮೇಲೆ ಹೋಗಲೇ ಇಲ್ಲ. ಹಬ್ಬಕ್ಕೆ ಹೋಗಲಿಲ್ಲ, ಕಾಯಿಲೆಗೆ ಹೋಗಲಿಲ್ಲ, ಒಂದು ಫೋನೂ ಮಾಡಲಿಲ್ಲ.

ಹೊಸ ಕಾರು ಕೈಗೆ ಬಂದ ದಿನ ಶೋರೂಮಿನಲ್ಲೇ ಪೂಜೆ ಆಯಿತು. ಹಾರ ಹಾಕಿದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಪೇಡಾ ಹಂಚಿದರು. ಕಾರು ರಸ್ತೆಗೆ ಬಂತು. ಗುರುಶಾಂತಪ್ಪ ಖುಷಿಯಲ್ಲಿದ್ದ. ತಾನು ಎಲ್ಲಿ ಸುಮ್ಮನಿದ್ದೆ, ಎಲ್ಲಿ ಎದ್ದು ಬಂದೆ, ಮತ್ತೆ ಹೇಗೆ ಹೋದೆ ಎಂದು ಹೆಂಡತಿಗೆ ವಿವರಿಸತೊಡಗಿದ. ಆಕೆ ಎಲ್ಲ ಕೇಳಿಸಿಕೊಂಡು, ಕಾರನ್ನು ಸ್ವಲ್ಪ ಬದಿಗೆ ನಿಲ್ಲಿಸಿ ಎಂದಳು. ನಿಲ್ಲಿಸಿದ.

“ಒಂದ್ ಮಾತು ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಅಕ್ಕಾರ ಮನಿ ಇಲ್ಲೇ ಹಿಂದ ಐತಿ. ಹೋಗಿ ಬರೂಣ?”

“ಮೊದ್ಲ ಅವರು ಕರೀಲಿ. ಕರದ್ರ ಹೋಗೂಣಂತ.”

“ಶೋರೂಮಿನವ್ರು ಕರದಿದ್ರೇನ್ರಿ? ಆಗೂದಿಲ್ಲ ಅಂತ ಮಾರಿ ಮ್ಯಾಲೆ ಹೇಳಿದ್ರು. ಆದ್ರೂ ನೀವು ತಿರುಗಿ ಹೋದ್ರಿ, ನಕ್ಕೋತ ಹೋದ್ರಿ. ಆವಾಗ ನಿಮ್ಮ ಮಾನ ಎಲ್ಲಿಗೂ ಹೋಗ್ಲಿಲ್ಲ. ಕಾರಿಗೆ ತೋರಿಸಿದ ಸಮಾಧಾನ ನಿಮ್ಮ ಅಕ್ಕಗ ಒಂದ್ ಸಲನೂ ತೋರಿಸ್ಲಿಲ್ಲಲ್ರಿ.”

ಗುರುಶಾಂತಪ್ಪನಿಗೆ ಸಿಟ್ಟು ಬಂತು, ಮೊದಲು ಹೆಂಡತಿಯ ಮೇಲೆ, ಆಮೇಲೆ ಭಾವನ ಮೇಲೆ, ಆಮೇಲೆ ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತಿದ್ದು ಕಣ್ಣ ಮುಂದೆ ಬಂತು. ಕಾರು ತಿರುಗಿಸಿದ.

ದಾರಿಯುದ್ದಕ್ಕೂ ಲೆಕ್ಕ ಹಾಕಿದ. ನಾನು ಹೀಗೆ ಅನ್ನಬೇಕು, ಅವರು ಹಾಗೆ ಅಂದರೆ ಮತ್ತೆ ಹೀಗೆ ಅನ್ನಬೇಕು. ಬಾಗಿಲು ತೆರೆದದ್ದು ಶಾಲೆಯ ಸಮವಸ್ತ್ರದ ಒಬ್ಬ ಹುಡುಗಿ. ಅವತ್ತು ತೊಟ್ಟಿಲಲ್ಲಿ ಮಲಗಿದ್ದ ಆ ಕೂಸೇ ಇವಳು. ಅಜ್ಜಿ, ಯಾರೋ ಬಂದಿದ್ದಾರೆ ಎಂದು ಒಳಗೆ ಕೂಗಿ ಹೇಳಿದಳು. ಯಾರೋ! ನೋಡಿ, ಆ ಒಂದು ಶಬ್ದ ಅವನು ಹಾಕಿಕೊಂಡಿದ್ದ ಲೆಕ್ಕವನ್ನೆಲ್ಲ ಅಳಿಸಿ ಹಾಕಿತು.

ಕಾಶವ್ವ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಮ್ಮನನ್ನು ನೋಡಿದಳು. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಲಿಲ್ಲ, ಯಾಕೆ ಬಂದೆ ಎಂದೂ ಕೇಳಲಿಲ್ಲ.

“ಹೊರಗ್ಯಾಕ ನಿಂತಿ? ಒಳಗ ಬಾ, ತಮ್ಮಾ,” ಎಂದಳು.

ಒಳಗೆ ಆಕೆಯ ಗಂಡ ಕುರ್ಚಿಯಿಂದ ಎದ್ದು ನಿಂತಿದ್ದ.

“ಗುರುಶಾಂತ, ಅವತ್ತ ಹಂಗ ಅನಬಾರದಿತ್ತು ನಾ,” ಎಂದ ಆ ಹಿರಿಯ. “ಮರುದಿನಾನೇ ನಿಮ್ಮೂರಿಗೆ ಹೊಂಟಿದ್ದೆ. ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದೆ.”

ಕೇಳಿದಿರಾ? ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದ. ಬಸ್ಸು ಹತ್ತಿದ್ದರೆ ಆ ಮಗುವಿಗೆ ಇವನು ‘ಯಾರೋ’ ಆಗುತ್ತಿರಲಿಲ್ಲ. ಗುರುಶಾಂತಪ್ಪ ಭಾವನ ಕೈ ಹಿಡಿದುಕೊಂಡು, ತಾನೂ ಊಟ ಬಿಟ್ಟು ಏಳಬಾರದಿತ್ತು ಎಂದ. ಅಷ್ಟು ವರ್ಷಗಳ ಮುನಿಸು ಎರಡು ಮಾತಿಗೆ ಮುಗಿಯಿತು. ಹೋದ ವರ್ಷಗಳು ಮರಳಿ ಬರಲಿಲ್ಲ, ನಿಜ. ಆದರೆ ಅವತ್ತು ಸಂಜೆ ಅಕ್ಕ ಹೊಸ ಕಾರಿನ ಮುಂದಿನ ಸೀಟಿನಲ್ಲಿ ಕೂತು ಹುಬ್ಬಳ್ಳಿಯ ಒಂದು ಸುತ್ತು ಹಾಕಿ ಬಂದಳು. ಎಷ್ಟಕ್ಕೆ ಕೊಂಡೆ ಎಂದು ಭಾವ ಕೇಳಿದ. ಈ ಸಲ ಗುರುಶಾಂತಪ್ಪನೇ ಮೊದಲು ನಕ್ಕ.

ಈಗ ನಿಮ್ಮನ್ನು ಕೇಳುತ್ತೇನೆ. ಚೌಕಾಸಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಕಾರು ಕೊಳ್ಳಿ, ಬೆಲೆ ಕೇಳಿ, ನಾಳೆ ಸಂತೆಯಲ್ಲಿ ಮೆಂತ್ಯಸೊಪ್ಪಿಗೂ ಕೇಳಿ. ಗುರುತಿಲ್ಲದವರ ಎದುರು ನಿಮಗೆ ಎಷ್ಟೊಂದು ತಾಳ್ಮೆ ಇದೆ! ಆ ತಾಳ್ಮೆ ಮನೆಯ ಹೊಸ್ತಿಲಲ್ಲಿ ಎಲ್ಲಿ ಹೋಗುತ್ತದೆ? ನಿಮ್ಮ ಫೋನಿನಲ್ಲಿ ಒಂದು ನಂಬರ್ ಇದೆ. ಅಳಿಸಿಲ್ಲ, ಒತ್ತಿಯೂ ಇಲ್ಲ. ಯಾರದು ಎಂದು ನನಗೆ ಹೇಳಬೇಡಿ, ನಿಮಗೆ ಗೊತ್ತಿದೆ. ಇವತ್ತು ಪ್ರಸಾದ ಮುಗಿಸಿ ಮನೆಗೆ ಹೋದ ಮೇಲೆ ಆ ನಂಬರ್ ಒತ್ತಿ. ತಪ್ಪು ಯಾರದು ಎಂದು ತೀರ್ಮಾನಿಸಲು ಹೋಗಬೇಡಿ, ಹೇಗಿದ್ದೀರಿ ಎಂದು ಕೇಳಿ, ಸಾಕು. ಎತ್ತದಿದ್ದರೆ? ಮುಂದಿನ ವಾರ ಮತ್ತೆ ಮಾಡಿ. ಮಾತು ಒರಟಾಗಿ ಬಂದರೆ? ಹಬ್ಬಕ್ಕೆ ನೀವೇ ಹೋಗಿ ಬಾಗಿಲಲ್ಲಿ ನಿಲ್ಲಿ.

ಅಂಗಡಿಯವನು ಮೊದಲ ಸಲ ‘ಆಗುವುದಿಲ್ಲ’ ಎಂದಾಗ ನೀವು ಯಾವತ್ತೂ ಅದನ್ನು ಕೊನೆಯ ಮಾತು ಎಂದುಕೊಂಡವರಲ್ಲ. ನಿಮ್ಮವರು ಹೇಳಿದಾಗಲೂ ಹಾಗೆ ಅಂದುಕೊಳ್ಳಬೇಡಿ.